ಕರೆದರೆ ಬರುವ ಸಿಡ್ಲಪ್ಪ

ಸವಣೂರಿನ ಆ ಓಣಿಯ ಹೆಂಗಸರಿಗೆ ಸಿಡ್ಲಪ್ಪನ ಹುಚ್ಚು ಹಿಡಿದದ್ದು ತುಳಸಾಬಾಯಿಯವರ ಮನೆಗೆ ದೊಡ್ಡ ಟಿವಿ ಬಂದ ಮೇಲೆ. ಸಿಡ್ಲಪ್ಪನೇನು ಹೊಸಬನಲ್ಲ. ಅವರಲ್ಲಿ ಕೆಲವರು ಲಂಗ ಉಡುತ್ತಿದ್ದ ಕಾಲಕ್ಕೆ, ಕೆಲವರು ಹುಟ್ಟುವ ಮೊದಲೇ, ಭಾನುವಾರ ಬೆಳಿಗ್ಗೆ ಬರುತ್ತಿದ್ದ ಧಾರಾವಾಹಿ ಅದು. ತಾಲೂಕು ಕಚೇರಿಯ ಗುಮಾಸ್ತನೊಬ್ಬನಿಗೆ ಸಿಡಿಲು ಬಡಿದು ಹಾರುವ ಶಕ್ತಿ ಬಂದಿರುತ್ತದೆ. ಇಳಿಯುವ ಶಕ್ತಿ ಮಾತ್ರ ಬಂದಿರುವುದಿಲ್ಲ. ಹೆಂಡತಿಯ ಹಳೇ ಸೀರೆಯ ತುಂಡು ಬೆನ್ನಿಗೆ ಕಟ್ಟಿಕೊಂಡು, ಧೋತರದ ಮೇಲೆ ಕೆಂಪು ಚಡ್ಡಿ ಏರಿಸಿಕೊಂಡು ಹಾರಿದನೆಂದರೆ ಒಮ್ಮೆ ತಿಪ್ಪೆಯಲ್ಲಿ, ಒಮ್ಮೆ ಬಣವೆಯ ಮೇಲೆ, ಒಮ್ಮೆ ಗೌಡರ ಮನೆಯ ಮದುವೆಯ ಸಾರಿನ ಹಂಡೆಯಲ್ಲಿ ಬೀಳುತ್ತಾನೆ. ಅವನನ್ನು ಎತ್ತಿ ಹಿಡಿದ ಹಗ್ಗ ಕಣ್ಣಿಗೆ ರಾಚುವ ಹಾಗೆ ಕಾಣುತ್ತದೆ. ಇಷ್ಟಾದರೂ ಅವನು ಬಿದ್ದಾಗಲೆಲ್ಲ ತುಳಸಾಬಾಯಿಯವರ ಪಡಸಾಲೆ ಬಿದ್ದು ಬಿದ್ದು ನಗುತ್ತಿತ್ತು.

ಕೂಡಲು ಒಂದು ನೆಪ ಬೇಕಲ್ಲ, ಅದು ಕೌದಿ. ತುಳಸಾಬಾಯಿಯವರ ಮೊಮ್ಮಗನಿಗೆ ಹಳೇ ಸೀರೆಗಳ ಕೌದಿ ಬೇಕಾಗಿತ್ತು. ಹೊಲಿಯಲು ಒಪ್ಪಿಕೊಂಡವಳು ಹೊಳೆವ್ವ. ಹಿರೇಕೆರೂರು ಕಡೆಯಿಂದ ಈ ಓಣಿಗೆ ಸೊಸೆಯಾಗಿ ಬಂದು, ಗಂಡ ಗೋಣೆಪ್ಪ ಸತ್ತ ಮೇಲೆ ಊರಿಗೆಲ್ಲ ಕೌದಿ ಹೊಲಿದುಕೊಟ್ಟು ಬದುಕಿದ ಹೆಂಗಸು. ಬಾಯಿ ಜೋರು. ನಲ್ಲಿ ನೀರಿನ ಜಗಳವಾದರೆ ಎರಡೂ ಕಡೆಯವರು ಅವಳನ್ನೇ ಕರೆಯುತ್ತಿದ್ದರು. ತನಗೆ ಓಣಿಯಲ್ಲಿ ಎಷ್ಟು ತೂಕವಿದೆಯೆಂದು ಹೊಳೆವ್ವನಿಗೆ ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಕೌದಿಯ ಇನ್ನೊಂದು ಅಂಚು ಹಿಡಿದು ಕೂಡುತ್ತಿದ್ದವಳು ಫರ್ಹತ, ಹುಲಗೂರಿನ ಹೆಣ್ಣುಮಗಳು, ಹಿಂದಿನ ಓಣಿಯಲ್ಲಿ ಕುಬಸ ಹೊಲಿಯುವವಳು. ಮೂರನೆಯವಳು ಪಕ್ಕದ ಮನೆಯ ಮಂಜುಳಾ, ರಟ್ಟೀಹಳ್ಳಿಯಿಂದ ಬಂದ ಹೊಸ ಸೊಸೆ. ತುಳಸಾಬಾಯಿಯವರು ಬೆಳಗಿನ ಮಡಿ, ಪೂಜೆ, ಊಟ ಮುಗಿಸಿ ಎಲ್ಲರ ಜೊತೆ ಬಂದು ಕೂಡುತ್ತಿದ್ದರು. ಚಹಾ ಮಾತ್ರ ತಾವೇ ಮಾಡಬೇಕು, ಒಲೆಯ ಹತ್ತಿರ ಯಾರೂ ಸುಳಿಯಬಾರದು. ಇದಕ್ಕೆ ಯಾರ ತಕರಾರೂ ಇರಲಿಲ್ಲ. ಕೂತಲ್ಲಿಗೇ ಚಹಾ ಬಂದರೆ ಯಾರಿಗೆ ಬೇಡ?

ಆ ಟಿವಿಗೆ ಯೂಟ್ಯೂಬ್ ಜೋಡಿಸಿ, ಸಿಡ್ಲಪ್ಪನನ್ನು ಹುಡುಕಿಕೊಟ್ಟವನು ಮಂಜುಳಾಳ ಗಂಡ ಮಹಾಂತೇಶ. ಬಸ್ ಸ್ಟ್ಯಾಂಡಿನ ಹತ್ತಿರ ಅವನ ಮೊಬೈಲ್ ರಿಪೇರಿ ಅಂಗಡಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಎದುರಾದರೆ "ಆರಾಮ್ರಿ ಬಾಯಾರ?" ಎಂದು ನಿಂತು ಕೇಳುವ ಹುಡುಗ. ತುಳಸಾಬಾಯಿಯವರ ಮಗ ಶ್ರೀನಿವಾಸ ವಕೀಲ. ಅವನು ಹಾವೇರಿಯ ಕೋರ್ಟಿಗೆ ಹೋಗಿ ಬರುವುದರೊಳಗೆ ಮಹಾಂತೇಶ ಸಿಲಿಂಡರ್ ಹೊತ್ತು ಒಳಗಿಟ್ಟು, ಬಿಪಿ ಗುಳಿಗೆ ತಂದುಕೊಟ್ಟು ಹೋಗಿರುತ್ತಿದ್ದ.

ಈ ಬಂಗಾರದಂಥ ಹುಡುಗ ಹೆಂಡತಿಗೆ ಹೊಡೆಯುತ್ತಾನೆಂದು ಓಣಿಗೆಲ್ಲ ಗೊತ್ತಿತ್ತು. ನಡುವೆ ಇದ್ದದ್ದು ಒಂದೇ ಗೋಡೆ. ಆದರೆ ಓಣಿಗೆ ಓಣಿಯದೇ ಒಂದು ಮರ್ಯಾದೆ ಇರುತ್ತದೆ. ಒಂದು ಮನೆಯಲ್ಲಿ ಅಳುವ ಸದ್ದಾದರೆ ಪಕ್ಕದವರು ಕೇಳಲಿಲ್ಲವೆಂದು ತೋರಿಸಿಕೊಳ್ಳಬೇಕು. ಬಾಗಿಲು ಹಾಕಿಕೊಳ್ಳಬೇಕು, ಮಿಕ್ಸರ್ ಹಚ್ಚಬೇಕು, ಟಿವಿಯ ಆವಾಜು ದೊಡ್ಡದು ಮಾಡಬೇಕು. ಮಾರನೆ ದಿನ ಏಟು ತಿಂದವಳ ಎದುರು ಬದನೆಕಾಯಿಯ ರೇಟು ಮಾತಾಡಬೇಕು. ಹೀಗೆ ಮಾಡಿದರೆ ಅವಳ ಮಾನ ಉಳಿಯುತ್ತದೆಂದು ಎಲ್ಲರೂ ನಂಬಿದ್ದರು. ಏಟು ತಿಂದವಳನ್ನು ಯಾರೂ ಕೇಳಿರಲಿಲ್ಲ. ಗೋಣೆಪ್ಪ ಬದುಕಿದ್ದಾಗ ಹೊಳೆವ್ವನಿಗೂ ಈ ಮರ್ಯಾದೆ ಧಾರಾಳವಾಗಿ ಸಿಕ್ಕಿತ್ತು.

ಇಂಥದ್ದರಲ್ಲಿ ಒಂದು ಮಂಗಳವಾರ ಹರಿಪ್ರಿಯಾ ಬಂದಳು. ತುಳಸಾಬಾಯಿಯವರ ತಂಗಿಯ ಮಗಳು, ಹಾನಗಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುವವಳು, ಭಾನುವಾರದ ಪತ್ರಿಕೆಗೆ ಲೇಖನ ಬರೆಯುವ ಚಪಲದವಳು. ಪಡಸಾಲೆಯ ನಗು ಕೇಳಿ ಅವಳಿಗೆ ವಿಷಯ ಸಿಕ್ಕಿಬಿಟ್ಟಿತು. ಮೊಬೈಲನ್ನು ಕೌದಿಯ ನಡುವೆ ಇಟ್ಟು ರೆಕಾರ್ಡಿಂಗ್ ಹಚ್ಚಿದಳು.

"ಹಾರೋದು, ಬಡಿದಾಡೋದು ಎಲ್ಲಾ ಹುಡುಗರಿಗಂತ ಮಾಡಿದ್ದು. ಆದ್ರ ಈಗ ಇದನ್ನ ಹೆಂಗಸರೇ ಕೂತು ನೋಡ್ಲಿಕ್ಕತ್ತಾರ. ಯಾಕ? ನಿಮಗ ಇದರಾಗ ಏನು ಸೇರತದ, ಒಬ್ಬೊಬ್ಬರ ಹೇಳ್ರಿ."

"ನನಗ ಅವನ ಹೆಂಡತಿ ಸೇರತಾಳ," ಎಂದರು ತುಳಸಾಬಾಯಿ. "ಲೋಕಾ ಉಳಿಸಿ ಬಂದ್ರೂ 'ಮೊದಲ ಕಾಲು ತೊಳಕೊಂಡು ಒಳಗ ಬರ್ರಿ' ಅಂತಾಳ ನೋಡು, ಅದು."

"ಅಷ್ಟ ದೊಡ್ಡ ಗಂಡಸು ದಿನಾ ತಿಪ್ಪ್ಯಾಗ ಬೀಳತಾನಲ್ರಿ ಮೇಡಮ್ಮಾರ," ಎಂದಳು ಫರ್ಹತ. "ದಿಲ್ ಖುಷ್ ಆಗತೈತಿ."

"ನಮ್ಮ ಗೋಣೆಪ್ಪ ಒಂದ ಸಲರ ಹಂಗ ಬಿದ್ದಿದ್ರ ನನ್ನ ಜನ್ಮ ಪಾವನ ಆಗತಿತ್ತು," ಎಂದಳು ಹೊಳೆವ್ವ. ಎಲ್ಲರೂ ನಕ್ಕರು. ಹರಿಪ್ರಿಯಾ ಮಂಜುಳಾಳ ಕಡೆ ನೋಡಿದಳು.

ಮಂಜುಳಾ ಹೊಲಿಯುವುದನ್ನು ನಿಲ್ಲಿಸಿದಳು. "ಕರದ್ರ ಬರ್ತಾನಲ್ರಿ. ಅದಕ."

"ಅಂದ್ರ?"

"ಯಾವಾಕಿರ 'ಯಾರರ ಇದ್ದೀರೇನ್ರಿ' ಅಂತ ಒದರಿದ್ರ ಸಾಕು, ಬಂದಬಿಡ್ತಾನ. ಅರ್ಧಾ ಗಡ್ಡಾ ಬೋಳಿಸ್ಕೊಂಡಿದ್ರೂ ಬರ್ತಾನ. ಬಾಯಾಗ ತುತ್ತಿದ್ರೂ ಬರ್ತಾನ. ಬಂದು ಬೀಳತಾನ ಖರೆ. ಆದ್ರ ಬರ್ತಾನ."

ತುಳಸಾಬಾಯಿಯವರಿಗೆ ಒಳಗೆ ಏನೋ ಕೆಲಸ ನೆನಪಾಗಿ ಎದ್ದುಹೋದರು. ಫರ್ಹತ ದಾರ ಪೋಣಿಸುವುದರಲ್ಲಿ ಮಗ್ನಳಾದಳು. ಹೊಳೆವ್ವನಿಗೆ ಇಂಥ ಮೌನ ಆಗಿಬರುವುದಿಲ್ಲ. ಮೇಲಾಗಿ ನಡುವೆ ಮೊಬೈಲ್ ಬೇರೆ ಕೇಳಿಸಿಕೊಳ್ಳುತ್ತಿತ್ತು.

"ಏ ಹುಚ್ಚಿ, ಆ ಡೊಳ್ಳಹೊಟ್ಟಿಯಾಂವ ಯಾಕ ಬೇಕು? ನಾವೇನು ಸತ್ತೇವೇನು? ಒಂದ ಸಲ ನನ್ನ ಕರದ ನೋಡು, ಈ ದಬ್ಬಣಾ ಹಿಡಕೊಂಡ ಬರ್ತೇನಿ."

ಹರಿಪ್ರಿಯಾ ಚಪ್ಪಾಳೆ ತಟ್ಟಿದಳು. ಎಲ್ಲರಿಗೂ ಹಗುರವಾಗಿ ನಗು ಬಂತು. ಮಂಜುಳಾ ಮಾತ್ರ ನಗದೆ ಹೊಳೆವ್ವನ ಮುಖವನ್ನೇ ನೋಡಿ, "ಖರೇನ ಬರ್ತೀರೇನ್ರಿ ಅಕ್ಕಾರ?" ಎಂದು ಕೇಳಿದಳು.

"ಖರೇನ ಅಂದ್ರ ಖರೇನ. ನಮ್ಮವ್ವನ ಆಣಿ."

ಆ ಗಳಿಗೆಯಲ್ಲಿ ಹೊಳೆವ್ವ ಸುಳ್ಳಾಡಿರಲಿಲ್ಲ. ಕೇಳುವ ಜನ ಎದುರಿಗಿದ್ದಾಗ ಅವಳ ಧೈರ್ಯ ಯಾವತ್ತೂ ಸುಳ್ಳಾಗಿರಲಿಲ್ಲ. ಹರಿಪ್ರಿಯಾ ನಾಲ್ವರನ್ನೂ ಕೌದಿಯ ಸುತ್ತ ಕೂಡ್ರಿಸಿ ಫೋಟೋ ತೆಗೆದುಕೊಂಡು ಸಂಜೆಯ ಬಸ್ಸು ಹಿಡಿದಳು.

ಶುಕ್ರವಾರ ಕೌದಿ ಮುಗಿಯುವುದಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಹೋಳಿಗೆಯ ಚೂರು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನೂ ಹಸಿವಿಗೆ ಕೆಡವುತ್ತದೆ ಎಂಬ ನಂಬಿಕೆ. ಹೋಳಿಗೆ ಇಟ್ಟ ಮೇಲೆ ಮೂಲೆ ಮುಗಿಯುವತನಕ ಹೊಲಿಯುವವಳು ಏಳಬಾರದೆಂದು ಹೊಳೆವ್ವನಿಗೆ ಅವಳ ಅತ್ತೆ ಕಲಿಸಿದ್ದಳು. ತುಳಸಾಬಾಯಿ ಬೆಳಿಗ್ಗೆಯೇ ಹೋಳಿಗೆ ಮಾಡಿದ್ದರು. ಒಲೆಯ ಮುಂದೆ ನಿಂತು ತಲೆ ನೋಯುತ್ತಿದೆಯೆಂದು ಟಿವಿಯನ್ನು ಸಣ್ಣಗೆ ಇಟ್ಟಿದ್ದರು. ಅದರೊಳಗೆ ಸಿಡ್ಲಪ್ಪ ಹುಣಸೆಮರಕ್ಕೆ ಸಿಕ್ಕಿಹಾಕಿಕೊಂಡು ನೇತಾಡುತ್ತಿದ್ದ. ಮಂಜುಳಾ ಬಂದಿರಲಿಲ್ಲ. ಅವಳ ಮನೆಯ ಮುಂದೆ ಮಹಾಂತೇಶನ ಗಾಡಿ ನಿಂತಿತ್ತು.

ಹೊಳೆವ್ವ ಹೋಳಿಗೆಯ ಚೂರು ಮೂಲೆಗೆ ತುರುಕಿದಳು. ಗೋಡೆಯಾಚೆ ಪಾತ್ರೆಯೊಂದು ಬಿತ್ತು. ಗಂಡಸಿನ ದನಿ ಏರಿತು. ಅದರ ಬೆನ್ನಿಗೇ, ಸ್ಪಷ್ಟವಾಗಿ, ಎಳೆದು ಕೂಗಿದ ಹೆಣ್ಣು ದನಿ ಕೇಳಿತು.

"ಹೊಳೆವ್ವಕ್ಕಾ!"

ಆಮೇಲೆ ಆ ಮನೆಯಲ್ಲಿ ಎಲ್ಲ ಸದ್ದೂ ನಿಂತಿತು.

"ಅಕ್ಕಾ, ನಿಮ್ಮನ್ನ ಕರದ್ಲು," ಎಂದಳು ಫರ್ಹತ. ಅವಳು ಅರ್ಧ ಎದ್ದಿದ್ದಳು.

"ಕೂಡು ಫರ್ಹತ," ಎಂದರು ತುಳಸಾಬಾಯಿ. "ಗಂಡ ಹೆಂಡತಿ ನಡುವ ನಾವು ಯಾಕ? ಸಂಜಿಕೆ ಶ್ರೀನಿವಾಸ ಬರ್ತಾನ, ಅವನ ಕಡೆಯಿಂದ ಸಾವಕಾಶ ಹೇಳಸೋಣಂತ."

ಫರ್ಹತ ಹೊಳೆವ್ವನ ಕಡೆ ನೋಡಿದಳು. ಹೊಳೆವ್ವ ಎದ್ದರೆ ತಾನೂ ಏಳುವವಳೇ. ಅದು ಹೊಳೆವ್ವನಿಗೂ ಗೊತ್ತಾಯಿತು.

"ಹೋಳಗಿ ಇಟ್ಟಬಿಟ್ಟೇನೆವ್ವಾ," ಎಂದಳು ಹೊಳೆವ್ವ. "ಈಗ ಏಳಾಕ ಬರೂದಿಲ್ಲ. ಇದೊಂದ ಮೂಲಿ ಮುಗೀಲಿ."

ಹೋಳಿಗೆಯಲ್ಲ, ಅಂಜಿಕೆ. ಗೋಣೆಪ್ಪ ಸತ್ತು ಎಷ್ಟೋ ವರ್ಷವಾಗಿದ್ದರೂ ಗಂಡಸಿನ ಏರು ದನಿ ಕೇಳಿದರೆ ಅವಳು ಕೂತಲ್ಲೇ ಮುದುಡಿಬಿಡುತ್ತಿದ್ದಳು. ನಲ್ಲಿಯ ಹತ್ತಿರ ಬಾಯಿ ಮಾಡುವ ಹೊಳೆವ್ವ ಬೇರೆ, ಇವಳು ಬೇರೆ. ಮಂಜುಳಾ ಇನ್ನೊಮ್ಮೆ ಕೂಗಿಯಾಳೆಂದು ಅವಳಿಗೆ ಭಯವಾಯಿತು. ಎರಡನೇ ಸಲ ತನ್ನ ಹೆಸರು ಕೇಳುವ ಧೈರ್ಯ ಅವಳಿಗಿರಲಿಲ್ಲ. ಕೈಚಾಚಿ ರಿಮೋಟು ಎಳೆದುಕೊಂಡಳು. ಆವಾಜು ಏರಿಸುವ ಗುಂಡಿ ಯಾವುದೆಂದು ಅವಳಿಗೆ ಕಲಿಸಿದವಳು ಮಂಜುಳಾನೇ. ಒತ್ತಿದಳು, ಒತ್ತುತ್ತಲೇ ಹೋದಳು. ಸಿಡ್ಲಪ್ಪ ಹುಣಸೆಮರದಿಂದ ಚೀರಿದ. ಟಿವಿಯೊಳಗೆ ಅವನನ್ನು ನೋಡಿ ನಕ್ಕವರ ನಗು ಮನೆತುಂಬ ತುಂಬಿಕೊಂಡಿತು.

ಹೊಳೆವ್ವ ತಲೆ ಬಗ್ಗಿಸಿ ಹೊಲಿದಳು. ಅಷ್ಟು ಸಣ್ಣ, ಅಷ್ಟು ಒತ್ತೊತ್ತಾದ ಹೊಲಿಗೆ ಅವಳು ಜನ್ಮದಲ್ಲಿ ಹಾಕಿರಲಿಲ್ಲ.

ಟಿವಿ ಸಣ್ಣದು ಮಾಡುವ ಹೊತ್ತಿಗೆ ಪಕ್ಕದ ಮನೆ ತಣ್ಣಗಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಮಹಾಂತೇಶ ಬಾಗಿಲಿಗೆ ಬಂದ. ಅಂಗಿಯ ಗುಂಡಿ ಹಾಕಿಕೊಂಡು, ಮುಖ ತೊಳೆದುಕೊಂಡು ಬಂದಿದ್ದ.

"ಬಾಯಾರ, ಮಂಜುಳಾ ಬಚ್ಚಲದಾಗ ಜಾರಿ ಬಿದ್ಲರಿ. ದವಾಖಾನಿಗೆ ತೋರಿಸ್ಕೊಂಡ ಬರ್ತೇನಿ. ಮನಿ ಕಡೆ ಒಂದೀಟ ಲಕ್ಷ್ಯ ಇರಲಿ."

"ಆಗಲಪ್ಪಾ, ಸಾವಕಾಶ ಹೋಗಿ ಬಾ," ಎಂದರು ತುಳಸಾಬಾಯಿ.

ಮರುದಿನ ಮೂವರೂ ಬಿಸ್ಕಿಟು, ಎಳನೀರು ಹಿಡಿದು ಮಂಜುಳಾಳನ್ನು ನೋಡಲು ಹೋದರು. ಬಲಗೈ ಮೊಣಕೈಯತನಕ ಪ್ಲಾಸ್ಟರಿನಲ್ಲಿತ್ತು. "ಬಚ್ಚಲದಾಗ ಪಾಚಿ ಕಟ್ಟಿರಬೇಕು, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಬೇಕವ್ವಾ," ಎಂದಳು ಹೊಳೆವ್ವ. "ಹೂಂನ್ರಿ," ಎಂದಳು ಮಂಜುಳಾ. ಮಹಾಂತೇಶ ಎಲ್ಲರಿಗೂ ಕುರ್ಚಿ ತಂದು ಹಾಕಿದ.

ಭಾನುವಾರ ಪತ್ರಿಕೆ ಬಂತು. ಅರ್ಧ ಪುಟ ಲೇಖನ, ನಡುವೆ ಅವರ ಫೋಟೋ. ತುಳಸಾಬಾಯಿ ಕನ್ನಡಕ ಏರಿಸಿಕೊಂಡು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ಗಂಡಸಿನ ಬಲವನ್ನು ನಗೆಯಾಡಿಯೇ ಗೆಲ್ಲುವ ಹೆಂಗಸರು ಇವರು ಎಂದು ಬರೆದಿತ್ತು. ಈ ಓಣಿಯಲ್ಲಿ ಸಿಡ್ಲಪ್ಪನಿಗೆ ಕೆಲಸವಿಲ್ಲ, ಒಬ್ಬಳು ಕರೆದರೆ ಸಾಕು, ಹೊಳೆವ್ವ ದಬ್ಬಣ ಹಿಡಿದು ಬರುತ್ತಾಳೆ ಎಂದೂ ಬರೆದಿತ್ತು. ಆ ಸಾಲಿಗೆ ಬಂದಾಗ ತುಳಸಾಬಾಯಿಯವರ ದನಿ ಸಣ್ಣದಾಯಿತು. ಏಕೆಂದರೆ ಮಂಜುಳಾ ಬಾಗಿಲಲ್ಲಿ ನಿಂತಿದ್ದಳು.

ಒಳಗೆ ಬಂದು ಎಂದಿನ ತನ್ನ ಜಾಗದಲ್ಲೇ ಕೂತಳು. ಫೋಟೋದಲ್ಲಿ ತನ್ನ ಮುಖ ಹುಡುಕಿ ನೋಡಿದಳು. ಹೊಳೆವ್ವನಿಗೆ ತಡೆಯಲಾಗಲಿಲ್ಲ.

"ಅವತ್ತ ಈ ಟಿವಿ ಗದ್ದಲದಾಗ ನಮಗ ಏನೂ ಕೇಳಲಿಲ್ಲ ನೋಡವಾ," ಎಂದಳು.

"ಮೊದಲ ಸಣ್ಣಗ ಇತ್ರಿ ಆವಾಜ್," ಎಂದಳು ಮಂಜುಳಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೊಳೆವ್ವನಿಗೆ ಸಹಿಸಲಾಗಲಿಲ್ಲ. "ನಾ ಕರದ ಮ್ಯಾಲ ದೊಡ್ಡದಾತು."

ಫರ್ಹತ ಸೆರಗು ಬಾಯಿಗೆ ಒತ್ತಿಕೊಂಡಳು.

"ಅವತ್ತ ಅವರು ಬರೇ ಬೈಯಾಕತ್ತಿದ್ರು," ಎಂದಳು ಮಂಜುಳಾ. "ಕೈ ಎತ್ತಿದಾಗ ನಾನ ಅಂದೆ, ಮೈ ಮುಟ್ಟಿದ್ರ ಹೊಳೆವ್ವಕ್ಕ ಬರ್ತಾಳ ನೋಡ್ರಿ ಅಂತ. ಇಷ್ಟ ದಿನದಾಗ ಅವರಿಗೆ ಎದುರಾಡಿದ್ದು ಅದ ಮೊದಲ. ಅಂದು ನಿಮ್ಮನ್ನ ಕರದೆ. ಅವರು ಕೈ ತಡದು ನಿಂತ್ರು. ಬಾಗಲಾ ನೋಡ್ಕೋತ ನಿಂತ್ರು. ಅಂಜಿದ್ರರಿ ಅಕ್ಕಾರ, ಖರೇನ ಅಂಜಿದ್ರು. ಆಮ್ಯಾಲ ನಿಮ್ಮ ಟಿವಿ ದೊಡ್ಡದಾತು. ಅವರಿಗೆ ನಗು ಬಂತು. 'ಬಂದ್ಲು ನೋಡು ನಿಮ್ಮಕ್ಕ' ಅಂದ್ರು. ಅಂದು ಕೈ ತಿರುವಿದ್ರು."

ಹೊಳೆವ್ವ ಅವಳ ಕಾಲು ಮುಟ್ಟಬೇಕೆಂದುಕೊಂಡಳು, ಅವಳನ್ನು ಇಲ್ಲೇ ಇರಿಸಿಕೊಳ್ಳಬೇಕೆಂದುಕೊಂಡಳು, ಈಗಿಂದೀಗ ಅಂಗಡಿಗೆ ಹೋಗಿ ಅವನ ಮುಖಕ್ಕೆ ಉಗುಳಬೇಕೆಂದುಕೊಂಡಳು. ಅಂದುಕೊಳ್ಳುತ್ತ ಕೂತೇ ಇದ್ದಳು.

ಮಂಜುಳಾ ಎಡಗೈ ಊರಿ ಎದ್ದಳು.

"ಅವರು ಉಣ್ಣಾಕ ಬರೂ ಹೊತ್ತಾತ್ರಿ," ಎಂದಳು. "ಒಂದ ಕೈಲೆ ರೊಟ್ಟಿ ಬಡ್ಯಾಕ ತಡಾ ಆಗತೈತಿ."