ಕೆಂಪಾದ ಎಲೆಗಳು

ನಿನ್ನೆ ಒಪ್ಪಿಸಿದ ಎಲೆಗಳಲ್ಲಿ ಹನ್ನೊಂದು ಕೆಂಪಾಗಿ ಬಂದಿದ್ದವು. ಕೆಂಪು ಎಂದರೆ ತಿರಸ್ಕಾರ, ಅದಕ್ಕೆ ಕೂಲಿ ಇಲ್ಲ. ಇನ್ನು ನಾಲ್ಕು ಕೆಂಪಾದರೆ ಶನಿವಾರಕ್ಕೆ ಗಂಗಾಮಣಿಯ ಕುರ್ಚಿಯೂ ಇಲ್ಲ.

ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟಿದವಳು. ಈಗ ತೊಡೆ ಖಾಲಿ. ಕಾಲು ಇಳಿಬಿಟ್ಟರೆ ಜೋಮು ಹಿಡಿಯುತ್ತದೆ, ಮೇಲೆತ್ತಿ ಮಡಚಿಕೊಂಡರೆ ಸೂಪರ್‌ವೈಸರ್ ಸಾಯಿತೇಜ ಗದರುತ್ತಾನೆ. ಬೆರಳುಗಳಂತೂ ಮೌಸ್ ಬಿಟ್ಟ ಕೂಡಲೇ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತವೆ.

ನಿಜಾಮಾಬಾದಿಗೆ ಬಂದ ಈ ಕಂಪನಿ ಬೀಡಿ ಕಟ್ಟುವ ಹೆಂಗಸರನ್ನೇ ಹುಡುಕಿತ್ತು. ಎಲೆ ನೋಡುವ ಕಣ್ಣು ನಿಮಗಿದೆ, ಕಂಪ್ಯೂಟರು ನಾವು ಕಲಿಸುತ್ತೇವೆ ಎಂದಿತ್ತು. ಹೊಲದ ಎಲೆಗಳ ಫೋಟೊಗಳು ಬರುತ್ತವೆ. ರೋಗ ಬಿದ್ದ ಜಾಗದ ಸುತ್ತ ಗೆರೆ ಎಳೆಯಬೇಕು. ಅದನ್ನು ನೋಡಿ ನೋಡಿ ಯಂತ್ರ ತಾನೇ ರೋಗ ಗುರುತಿಸಲು ಕಲಿಯುತ್ತದಂತೆ. ಹತ್ತನೇ ತರಗತಿ ಪಾಸಾದ ಗಂಗಾಮಣಿ ಮೂರು ತಿಂಗಳು ಸಂಬಳವಿಲ್ಲದೆ ಕಲಿತಳು. ಎರಡು ಕೆಲಸ ಇಟ್ಟುಕೊಳ್ಳುವಂತಿಲ್ಲ ಎಂದಾಗ ಬೀಡಿ ಕಾರ್ಡನ್ನು ಗುತ್ತಿಗೆ ಹಿಡಿದ ಠೇಕೇದಾರನಿಗೆ ಒಪ್ಪಿಸಿ ಬಂದಳು. ಕಾರ್ಡಿಲ್ಲದವರಿಗೆ ಅವನು ಎಲೆಯನ್ನೂ ಕೊಡುವುದಿಲ್ಲ, ತಂಬಾಕನ್ನೂ ಕೊಡುವುದಿಲ್ಲ. ಹಿಂದಿರುಗುವ ದಾರಿಯನ್ನು ಅವಳೇ ಮುಚ್ಚಿಕೊಂಡು ಬಂದಿದ್ದಳು.

“ಏನ್ ತಪ್ಪಂತ ಕೇಳಿದೇನ?” ಎಂದಳು ಪಕ್ಕದ ಕುರ್ಚಿಯ ಪೋಶವ್ವ.

“ಕೇಳ್ದೆ. ಗೆರಿ ಒರಟಾಗ್ಯಾವಂತ. ಎಲ್ಲಿ ತೋರಸ್ರಿ ಅಂದ್ರ ತೋರಸಂಗಿಲ್ಲ.”

“ಠೇಕೇದಾರಂದೂ ಇದೇ ಹಾಡಿತ್ತಲ್ಲ! ಹಿಚುಕಿ ನೋಡಿ, ಇದು ಸಡಿಲು, ಅದು ಗಿಡ್ಡ ಅಂತ ತಗದು ತನ್ನ ಚೀಲಕ್ಕ ಹಾಕ್ಕೊಳ್ಳಾಂವ.”

“ಅದಕ್ಕ ಅಲ್ಲೇನ, ಅವನ ಮುಂದನ ಮುರೀತಿದ್ವಿ?”

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ಅವರ ಓಣಿಯ ಹೆಂಗಸರು ಜಗಳ ಮಾಡಿ ತಂದ ಕಟ್ಟಳೆ ಅದು. ಬೀಡಿ ಕೆಟ್ಟಿದೆ ಎಂದರೆ ಕಟ್ಟಿದವಳೇ ಅದನ್ನು ಅಲ್ಲೇ ಮುರಿದು ಹಾಕಬೇಕು. ಇಲ್ಲದಿದ್ದರೆ ಅದೇ ಬೀಡಿ ಸಂಜೆ ಒಳ್ಳೆಯ ಕಟ್ಟಿಗೆ ಸೇರಿ ಪೇಟೆಗೆ ಹೋಗುತ್ತಿತ್ತು.

ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಹೈದರಾಬಾದಿನಿಂದ ಗಿರಾಕಿಗಳು ಬಂದರು. ಸಾಯಿತೇಜ ಗೋಡೆಯ ದೊಡ್ಡ ಪರದೆ ಹಚ್ಚಿದ.

“ನಮ್ಮ ಯಂತ್ರ ಕಲಿತಿರೋದು ಈ ಎಲೆಗಳಿಂದ, ಸರ್. ಗೆರೆ ನೋಡಿ, ಎಷ್ಟು ಚೊಕ್ಕ!”

ಐದನೆಯ ಎಲೆಗೆ ಗಂಗಾಮಣಿ ಎದ್ದು ನಿಂತಳು. ಮೆಣಸಿನ ಗಿಡದ ಎಲೆ. ಗೆರೆ ತೊಟ್ಟಿನ ಹತ್ತಿರ ಹುಟ್ಟಿ, ಎಡಕ್ಕೆ ಸುತ್ತಿ, ಕೊನೆಯಲ್ಲಿ ಚೂರು ಒಳಕ್ಕೆ ಮಡಚಿತ್ತು. ಬೀಡಿಯ ಬಾಯಿಯನ್ನು ಉಗುರಿನಿಂದ ಒತ್ತಿ ಮುಚ್ಚುವ ಅಭ್ಯಾಸ ಅವಳ ಗೆರೆಗೂ ಬಂದಿತ್ತು. ಸಾವಿರ ಬೀಡಿಯ ರಾಶಿಯಲ್ಲೂ ತಾನು ಕಟ್ಟಿದ್ದನ್ನು ಆರಿಸಬಲ್ಲವಳಿಗೆ ಇದು ಗೊತ್ತಾಗದೇ ಇದ್ದೀತೆ? ಆ ಎಲೆ ಮೊನ್ನೆ ಕೆಂಪಾಗಿತ್ತು.

“ಸರ್, ಅದು ನಂದು.”

“ಕೂತ್ಕೊಳ್ಳಿ ಅಕ್ಕಾ, ಆಮೇಲೆ.”

“ಮೊನ್ನಿ ಕೆಟ್ಟದ್ದು ಅಂದ್ರಿ. ಕೂಲಿ ಕೊಡ್ಲಿಲ್ಲ. ಇವತ್ತು ಚೊಕ್ಕ ಹೆಂಗಾತು?”

“ಹಿಂದಿನ ಬದನಿ ಎಲಿ ನಂದು!” ಪೋಶವ್ವನೂ ಎದ್ದಳು. “ಅದಕ್ಕೂ ಕೆಂಪು ಹಾಕಿದ್ರಿ.”

ಸಾಯಿತೇಜ ಗಿರಾಕಿಗಳತ್ತ ಹಲ್ಲು ಕಿರಿದು, ಇವರತ್ತ ಹಲ್ಲು ಕಚ್ಚಿದ. “ಇದು ಬೀಡಿ ಅಲ್ಲ, ಟೆಕ್ನಾಲಜಿ. ತಿಳೀದೆ ಮಾತಾಡಬೇಡಿ. ತಪ್ಪಿನಿಂದಲೂ ಯಂತ್ರ ಕಲಿಯುತ್ತೆ.”

“ಕಲೀಲಿ. ಕಲಿಸಿದವರಿಗೆ ಕೂಲಿ ಕೊಡ್ರಿ. ಕೊಡಂಗಿಲ್ಲಂದ್ರ ಮುರೀರಿ, ನನ್ನ ಕಣ್ಣೆದುರಿಗೆ.”

“ಯಂತ್ರದೊಳಗೆ ಹೋಗಿದ್ದು ಹೋಯ್ತು. ಅದನ್ನ ಮುರಿಯೋಕಾಗಲ್ಲ.”

ಗಂಗಾಮಣಿ ಅವನ ಮುಖವನ್ನೇ ದಿಟ್ಟಿಸಿದಳು. ಓದು ಬಾರದ ಠೇಕೇದಾರನಾದರೂ ಕಣ್ಣಿಗೆ ಕಣ್ಣು ಸೇರಿಸಲಾರದೆ ತಲೆ ತಗ್ಗಿಸುತ್ತಿದ್ದ. ಇವನಿಗೆ ಆ ನಾಚಿಕೆಯೂ ಇಲ್ಲ.

ಅವಳು ಕೂತಳು. ಎರಡೂ ಕಾಲು ಮೇಲೆತ್ತಿ, ಮನೆಯಲ್ಲಿ ಕೂರುವ ಹಾಗೆ ಮಡಚಿ ಕೂತಳು. ಬೆಳಗಿನಿಂದ ಗೆರೆ ಎಳೆದ ಎಲೆಗಳೆಲ್ಲ ಅವಳ ಪರದೆಯಲ್ಲೇ ಇದ್ದವು. ಐದು ಗಂಟೆಗೆ ಒಪ್ಪಿಸುವ ಗುಂಡಿ ಒತ್ತುವ ತನಕ ಅವು ಎಲ್ಲಿಗೂ ಹೋಗುವಂತಿರಲಿಲ್ಲ. ಮೊದಲ ಎಲೆ ತೆರೆದು ಗೆರೆ ಅಳಿಸಿದಳು. ಎರಡನೆಯದು. ಮೂರನೆಯದು.

“ಏನ್ ಮಾಡ್ತಿದೀಯ?” ಸಾಯಿತೇಜನ ಬಾಯಲ್ಲಿ ಈಗ ಅಕ್ಕ ಇರಲಿಲ್ಲ.

“ಅಳಸೂದು ನೀವ ಕಲಿಸಿದ್ರಲ್ಲ ಸರ್.”

ಪೋಶವ್ವ ಬೆರಳಲ್ಲಿ ಬೀಡಿ ಮುರಿದಂತೆ ಚಿಟಿಕೆ ಹೊಡೆದು ತನ್ನ ಪರದೆಗೆ ತಿರುಗಿದಳು. ಹಿಂದಿನ ಸಾಲಿನಲ್ಲಿ ಯಾರೋ “ಹಾಕ್ರೆ, ಮುರದು ಹಾಕ್ರೆ!” ಎಂದರು. ನಲವತ್ತು ಕುರ್ಚಿಗಳ ಮುಂದೆ ಮೌಸುಗಳು ಟಕಟಕ ಎನ್ನತೊಡಗಿದವು. ಗಿರಾಕಿಗಳು ಚೀಲ ಹೆಗಲಿಗೇರಿಸಿದರು.

“ಕುರ್ಚಿ ಹೋಗುತ್ತೆ, ನೆನಪಿಟ್ಕೋ!”

“ಹೋಗ್ಲಿ,” ಎಂದಳು ಗಂಗಾಮಣಿ. “ಪುಕ್ಕಟೆ ಮಾತ್ರ ಒಂದು ಗೆರೀನೂ ಕೊಡಂಗಿಲ್ಲ.”

ಯಾರೂ ಮತ್ತೆ ಗೆರೆ ಎಳೆಯದೆಯೇ ಐದು ಹೊಡೆಯಿತು. ಯಾರದಾದರೂ ಗೆರೆ ಉಳಿದಿದ್ದೀತೆಂದು ಸಾಯಿತೇಜ ತಾನೇ ಸಾಲು ಸಾಲಿಗೂ ಓಡಾಡಿ ಒಪ್ಪಿಸುವ ಗುಂಡಿ ಒತ್ತಿದ. ಹೊಲದಿಂದ ಬಂದ ಎಲೆಗಳು ರೋಗ ಹೊತ್ತುಕೊಂಡು ಹಾಗೇ ಇದ್ದವು. ಗೆರೆ ಒಂದೂ ಇರಲಿಲ್ಲ.