ಅಮಾವಾಸ್ಯೆಗೆ ಮುಂಚಿನ ಕೊಯ್ಲು

ನಮ್ಮ ಮನೆಯವರಾದ ಹಾವಗೆಪ್ಪನವರಿಗೆ ಪಂಚಾಂಗ ಒಂದಿದ್ದರೆ ಸಾಕು, ಕಣ್ಣು ಬೇಕಿಲ್ಲ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಖಟಕ ಚಿಂಚೋಳಿಯಲ್ಲಿ ನಮ್ಮದು ಬಾವಿ ಬದಿಯ ಹೊಲ. ಹೆರಿಗೆಯಲ್ಲಿ ತೀರಿಕೊಂಡ ಮಗಳು ನನ್ನ ಮಡಿಲಿಗೆ ಶಿವಕಾಂತಾಳನ್ನು ಬಿಟ್ಟು ಹೋಗಿದ್ದಳು. ಈಗ ಮೂರು ತಿಂಗಳ ಕೂಸು. ಔರಾದದಿಂದ ತಂದ ಆಕಳ ಹಾಲೇ ಅದರ ಜೀವ. ಬರೀ ಒಣ ಜೋಳದ ಕಣಿಕಿ ತಿಂದು ಆ ಹಾಲೂ ಇಳಿಯತೊಡಗಿದಾಗ ಬಾಬುಮಿಯಾ ಕಾಕಾ ಕುದುರೆ ಮೆಂತೆ ಎಂಬ ಹಸಿಮೇವಿನ ಬೀಜ ಕೊಟ್ಟರು; ಹೊಲದ ಒಂದು ಮಡಿಯಲ್ಲಿ ಬಿತ್ತಿದೆವು. ಬೀದರಿನಲ್ಲಿ ನಿಜಾಮರ ಕುದುರೆ ಲಾಯದ ವೈದ್ಯರಾಗಿದ್ದು, ಮುಪ್ಪಿಗೆ ಊರಿಗೆ ಮರಳಿದವರು ಅವರು.

"ಒಂದೊಂದು ನೀಲಿ ಹೂವ ಕಂಡ ದಿನಾ ಕೊಯ್ರಿ. ತಡಾ ಆದ್ರ ಬರೇ ಕಡ್ಡಿ. ಎಳೇದು ತಿಂದ್ರ ಹೊಟ್ಟಿ ಉಬ್ಬತದ. ಅರ್ಧ ದಿನಾ ಬಾಡಿಸಿ, ಕಣಿಕಿ ಕೂಡಿಸಿ ಹಾಕ್ರಿ," ಅಂದಿದ್ದರು.

ಹೂವಿಗೆ ಇನ್ನೂ ಎರಡು ಮೂರು ದಿನವಿತ್ತು. ಆದರೆ ಸೋಮವಾರವೇ ಅಮಾವಾಸ್ಯೆ. ಸೋಮವಾರ ಬಸವಣ್ಣನ ವಾರವೆಂದು ಎತ್ತಿಗೆ ನೊಗವಿಲ್ಲ, ಅಮಾವಾಸ್ಯೆಗೆ ಹೊಲದಲ್ಲಿ ಕುಡುಗೋಲಿಲ್ಲ. ಎರಡೂ ಕೂಡಿದರೆ ನಮ್ಮವರು ಮನೆಯೊಳಗೂ ಕಬ್ಬಿಣ ಮುಟ್ಟುವುದಿಲ್ಲ. ಅಂದೇ ಹೂ ಬಿಟ್ಟು ಮೇವು ಕಡ್ಡಿಯಾದೀತೆಂದು ಹೆದರಿ, ರವಿವಾರ ಸಂಜೆಯೇ ಅರ್ಧ ಮಡಿ ಕೊಯ್ದು, ಗೋಣಿಚೀಲ ಮುಚ್ಚಿಟ್ಟರು. ನಾನು ಬೇಡವೆಂದೆ.

"ನಿನಗೇನ ತಿಳೀತದ, ಸುಮ್ಮನಿರು," ಅಂದರು.

ಬೆಳಗ್ಗೆ ನಾನು ಕೂಸಿಗೆ ಹಾಲು ಕುಡಿಸಿ ಹೊರಗೆ ಬರುವಷ್ಟರಲ್ಲಿ, ಹಸಿದ ಆಕಳ ಮುಂದೆ ಬಾಡಿಸದ ಆ ಮೇವನ್ನಷ್ಟೂ ಸುರಿದಿದ್ದರು.

ಬಿಸಿಲೇರುವ ಮೊದಲೇ ಅದರ ಎಡಪಕ್ಕೆ ಉಬ್ಬಿ ಬೆನ್ನಿಗಿಂತ ಮೇಲೆ ಬಂತು. ನಾಲಿಗೆ ಹೊರಬಿತ್ತು. ಕಾಕಾ ಕೋಲೂರಿಕೊಂಡು ಓಡಿಬಂದರು. ಬಿದಿರಿನ ಗೊಟ್ಟದಿಂದ ಅದರ ಬಾಯಿಗೆ ಎಣ್ಣೆ, ಅಜವಾನ ಹೊಯ್ದೆವು. ಏನೂ ಆಗಲಿಲ್ಲ. ಆಕಳು ಮೊಣಕಾಲೂರಿತು.

ಕಾಕಾ ಪಕ್ಕೆ ತಡವಿ ಒಂದು ಕಡೆ ಬೆರಳಿಟ್ಟರು. "ಇಲ್ಲಿ ಛೂರಿ ಹಾಕಿ ಹವಾ ಬಿಡಬೇಕು. ನನ್ನ ಕೈ ನಡಗ್ತಾವ. ಹಾವಗೆಪ್ಪಾ, ನೀ ಹಾಕು."

"ಇವತ್ತ? ಬಸವಣ್ಣನ ತಾಯಿಗಿ? ನನ್ನ ಕೈಲಿ ಆಗೂದಿಲ್ರಿ ಕಾಕಾ," ಎಂದು ನಮ್ಮವರು ಕೈಮುಗಿದು ಕುಸಿದು ಕುಳಿತರು. ನನಗೆ ಕನಿಕರವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಳಗೆ ಕೂಸು ಅಳುತ್ತಿತ್ತು.

ಛೂರಿ ನಾನೇ ಹಿಡಿದೆ.

"ಮೊನಿ ಕೆಳಗ, ಮುಂದಕ್ಕ. ಒಮ್ಮೆಲೆ ಹಾಕು ಬೇಟಿ. ಅಂಜಿದ್ರ ಆಕಳ ಹೋಗ್ತದ."

ಕಣ್ಣು ಮುಚ್ಚಲಿಲ್ಲ. ಹಿಡಿಯವರೆಗೂ ಇಳಿಸಿದೆ. ಬುಸ್ಸೆಂದು ಹಸಿರು ನೊರೆ ನನ್ನ ಮುಖಕ್ಕೆ ಹಾರಿತು. ಕಾಕಾ ಆ ತೂತಿಗೆ ಬಿದಿರಿನ ನಳಿಗೆ ತೂರಿಸಿದರು. ಪಕ್ಕೆ ಮೆಲ್ಲಗೆ ಇಳಿಯಿತು. ಆಕಳು ಉದ್ದಕ್ಕೆ ಉಸಿರೆಳೆದಾಗ ನಾನು ಸಗಣಿಯಲ್ಲೇ ಕುಳಿತು ಗಟ್ಟಿಯಾಗಿ ಅತ್ತುಬಿಟ್ಟೆ.

ಆಕಳು ಚೇತರಿಸಿಕೊಳ್ಳುವವರೆಗೆ ಎರಡು ದಿನ ಕೂಸಿಗೆ ಕಾಕಾನ ಮನೆಯ ಆಡಿನ ಹಾಲು. ನಮ್ಮವರು ಹೊತ್ತು ಹೊತ್ತಿಗೆ ಮಡಿಯ ಕಡೆ ಹೋಗಿ ಬರುತ್ತಿದ್ದರು.

ಬುಧವಾರ ಬೆಳಗ್ಗೆ ಬಾಗಿಲಲ್ಲಿ ನಿಂತರು. ಕೈಯಲ್ಲಿ ಉಳಿದ ಮಡಿಯ ಒಂದು ಕುಡಿ, ಅದರಲ್ಲಿ ನೀಲಿ ಹೂವು. ಪಂಚಾಂಗ ಗೋಡೆಯ ಗೂಡಿನಲ್ಲೇ ಇತ್ತು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಒಂದು ಮಾತು ಕೇಳಿದವರಲ್ಲ.

"ಒಂದೊಂದು ಬಿಟ್ಟಾವ," ಅಂದರು. "ಇವತ್ತ ಕೊಯ್ಯಲೇನ?"

"ಕೊಯ್ರಿ," ಅಂದೆ. "ಬಾಡಿಸಿ ನಾನೇ ಹಾಕ್ತೇನಿ."