ಬೆಳ್ಳಿ ಹಾಳೆಯ ನಲವತ್ತು ಕನ್ನಡಕ

ಭಾನುವಾರ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ರುಯಿಫಾಂಗ್ ಟರ್ಕಿ ಕೋಳಿಯ ಅನ್ನದ ಡಬ್ಬಿಯನ್ನು ಪಕ್ಕಕ್ಕಿಟ್ಟು ಕಪಾಟಿನ ಕೆಳಖಾನೆ ಎಳೆದಳು. ಸೂರ್ಯನನ್ನು ಕಣ್ಣಲ್ಲೇ ನೋಡಲೆಂದು ತರಿಸಿದ್ದ ಬೆಳ್ಳಿ ಹಾಳೆಯ ಸುರುಳಿ ಇಟ್ಟಲ್ಲೇ ಇತ್ತು. ಅದರ ಮೊಹರನ್ನು ಯಾರೂ ಒಡೆದಿರಲಿಲ್ಲ.

ಚಿಯಾಯಿ ನಗರದ, ಅಪ್ಪನ ಕಾಲದ ಅವರ ದುರ್ಬೀನಿನ ಅಂಗಡಿಯಲ್ಲಿ ಬೆಳ್ಳಿ ಹಾಳೆ ಎರಡು ಬಗೆಯದು. ಒಂದು ಕಣ್ಣಿಗೆ, ಇನ್ನೊಂದು ಕ್ಯಾಮೆರಾಕ್ಕೆ ಮಾತ್ರ. ನೋಡಲು ಅವಳಿಜವಳಿ. ಆದರೆ ಕ್ಯಾಮೆರಾದ ಹಾಳೆ ಹದಿನಾರು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಮೊನ್ನೆಯಷ್ಟೇ ಅಣ್ಣ ಬೋಯೆನ್ ಇವತ್ತಿನ ಸೂರ್ಯಗ್ರಹಣಕ್ಕೆಂದು ರಟ್ಟಿಗೆ ಹಾಳೆ ಅಂಟಿಸಿ ನಲವತ್ತು ಕನ್ನಡಕ ಮಾಡಿ, ರೈಲ್ವೆಯಿಂದ ನಿವೃತ್ತರಾದವರ ಹಾಡಿನ ಬಳಗಕ್ಕೆ ಕೊಟ್ಟಿದ್ದ.

"ಅಣ್ಣಾ, ಆ ಕನ್ನಡಕಗಳಿಗೆ ಯಾವ ಹಾಳೆ ಹಾಕಿದೆ?"

ಬೋಯೆನ್ ತನ್ನ ಕ್ಯಾಮೆರಾದ ಮೂತಿಗೆ ಹಾಳೆ ಬಿಗಿಯುತ್ತಿದ್ದ. ಗೋಡೆಯ ಮೇಲಿದ್ದ ಸೂರ್ಯನ ಚಿತ್ರಗಳೆಲ್ಲ ಅವನವೇ. "ಹಳೇ ಸುರುಳಿ ಅರ್ಧ ಉಳಿದಿತ್ತು, ಖಾಲಿ ಮಾಡಿದೆ."

"ಅದು ಕ್ಯಾಮೆರಾದ್ದು!"

"ಗೊತ್ತು ಕಣೇ. ಹತ್ತು ವರ್ಷದಿಂದ ಅದರಲ್ಲೇ ಕಣ್ಣಿಟ್ಟು ನೋಡ್ತಿದ್ದೀನಿ. ನನ್ನ ಕಣ್ಣೇನು ಉದುರಿ ಬಿತ್ತಾ?" ಅವನು ಮಿಕ್ಕಿದ್ದ ಹಾಳೆಯ ಚೂರನ್ನು ಹಿಡಿದು ಬೀದಿಗಿಳಿದ. ಅದನ್ನು ಕಣ್ಣಿಗೆ ಹಿಡಿದು ಸೂರ್ಯನತ್ತ ಮುಖ ಎತ್ತಿ, ಅವಳಿಗೆ ಕೇಳುವಂತೆ ಹತ್ತರವರೆಗೆ ಎಣಿಸಿದ. "ನೋಡು, ಇಲ್ಲೇ ಇದ್ದೀನಲ್ಲ. ಹೋಗು, ಅನ್ನ ತಣ್ಣಗಾಗತ್ತೆ."

ಅವಳು ಬಳಗದ ಮುಖ್ಯಸ್ಥೆ ತು ಅಜ್ಜಿಗೆ ನಾಲ್ಕು ಸಲ ಫೋನ್ ಮಾಡಿದಳು. ಅಜ್ಜಿ ಎತ್ತಲಿಲ್ಲ. ಬೇರೆ ಕಡೆಯಿಂದ ತರಿಸಿಟ್ಟಿದ್ದ ಒಳ್ಳೆಯ ಕನ್ನಡಕಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡು ಸ್ಕೂಟರ್ ಹತ್ತಿದಳು.

ಬಳಗ ಗ್ರಹಣ ನೋಡಲು ಸೇರಲಿದ್ದ ಕರ್ಕಾಟಕ ಸಂಕ್ರಾಂತಿ ವೃತ್ತದ ಸ್ಮಾರಕ ಸ್ತಂಭದ ಸುತ್ತ ಜಾತ್ರೆಯಂಥ ಜನ. ಕಂಕಣ ಗ್ರಹಣ ನೋಡಲು ತೈವಾನಿನ ಮೂಲೆಮೂಲೆಯಿಂದ ರೈಲು ಹತ್ತಿ ಬಂದವರು. ದಾರಿಯುದ್ದಕ್ಕೂ ವಾಹನ ಸಾಲುಗಟ್ಟಿ ಅವಳು ತಲುಪುವಷ್ಟರಲ್ಲಿ ಮೂರೂವರೆ ದಾಟಿತ್ತು, ಸೂರ್ಯನ ಅರ್ಧ ಕರಗಿತ್ತು. ಬಿಸಿಲಿದ್ದರೂ ಬೆಳಕು ಸೀಸದ ಬಣ್ಣಕ್ಕೆ ತಿರುಗಿತ್ತು. ಗಾಳಿ ನಿಂತುಹೋಗಿತ್ತು.

ಹಾಡಿನ ಬಳಗ ಮರದಡಿ ಚಾಪೆ ಹಾಸಿ ಕೂತಿತ್ತು. ರುಯಿಫಾಂಗ್ ಕಂಡಕಂಡವರ ಕೈಯಿಂದ ಕನ್ನಡಕ ಕಿತ್ತುಕೊಳ್ಳತೊಡಗಿದಳು.

"ಏನಮ್ಮ, ಕೊಟ್ಟದ್ದನ್ನ ಕಿತ್ಕೊಳ್ತಿದ್ದೀಯಾ?" ಒಬ್ಬ ಮುದುಕ ರೇಗಿದ.

"ತಪ್ಪಾಗಿದೆ ತಾತ. ಇದನ್ನ ಹಾಕ್ಕೊಳ್ಳಿ, ದಯವಿಟ್ಟು."

ಹೊಸದನ್ನು ಹಾಕಿಕೊಂಡು ಅವನು ಮುಖ ಸಿಂಡರಿಸಿದ. "ಇದರಲ್ಲಿ ಮಂಕು. ಅದೇ ಚೆನ್ನಾಗಿತ್ತು, ಝಗಝಗ ಅಂತಿತ್ತು."

ಅವಳು ವಾಪಸ್ ಸಿಕ್ಕವನ್ನು ಎಣಿಸಿದಳು. ಮೂವತ್ತೊಂದು. "ಉಳಿದದ್ದೆಲ್ಲಿ?"

ತು ಅಜ್ಜಿ ನಗುತ್ತ ಜನಸಾಗರದ ಕಡೆ ಕೈ ತೋರಿಸಿದಳು. ಅವಳ ಕಣ್ಣಲ್ಲಿ ನೀರಿಳಿಯುತ್ತಿತ್ತು. "ನಮ್ಮದರಲ್ಲಿ ಚೆನ್ನಾಗಿ ಕಾಣತ್ತೆ ಅಂತ ಎಲ್ಲರೂ ಕೇಳಿ ಈಸ್ಕೊಂಡ್ರು ಕಣೇ. ಒಬ್ಬರಿಂದ ಒಬ್ಬರಿಗೆ ಹೋಗ್ತಾನೇ ಇದೆ. ನಾನಂತೂ ಶುರುವಿನಿಂದ ಕಣ್ಣು ತೆಗೆದಿಲ್ಲ."

"ನೋವಾಗ್ತಿದೆಯಾ ಅಜ್ಜಿ?"

"ನೋವೆಲ್ಲಿಂದ ಬರತ್ತೆ?"

ಕಣ್ಣಿನೊಳಗಿನ ಪರದೆ ಸುಟ್ಟರೆ ನೋವು ತಿಳಿಯುವುದಿಲ್ಲವೆಂದು ರುಯಿಫಾಂಗ್‌ಗೆ ಅಪ್ಪನೇ ಕಲಿಸಿದ್ದ. ಅವಳು ಜನರ ನಡುವೆ ನುಗ್ಗಿದಳು. "ಈ ರಟ್ಟಿನ ಕನ್ನಡಕ ಹಾಕ್ಕೋಬೇಡಿ!" ಎಂದು ಕೂಗಿದಳು. ಮತ್ತೆ ಐದು ಸಿಕ್ಕವು. ನಾಲ್ಕೂಕಾಲಿಗೆ ಚಂದ್ರ ಸೂರ್ಯನ ನಡುವಿಗೆ ಬಂದು, ಸಾವಿರಾರು ಗಂಟಲು ಒಟ್ಟಿಗೆ ಹೋ ಎಂದವು. ಅವಳ ಕೂಗು ಅದರಲ್ಲಿ ಮುಳುಗಿಹೋಯಿತು. ಅವಳೊಬ್ಬಳೇ ಆಕಾಶ ನೋಡದೆ ಮುಖಗಳನ್ನು ನೋಡುತ್ತಿದ್ದಳು. ಉಳಿದ ನಾಲ್ಕು ಯಾರ ಮೂಗಿನ ಮೇಲಿದ್ದವೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ತು ಅಜ್ಜಿ ಬಂದು ನಿಂತಿದ್ದಳು. "ಮಗಳೇ, ಪೇಪರ್ ಓದೋಕೆ ಹೋದ್ರೆ ನಾನು ನೋಡೋ ಅಕ್ಷರವೇ ಇರಲ್ಲ. ಸುತ್ತಲಿನದ್ದೆಲ್ಲ ಇದೆ."

ರುಯಿಫಾಂಗ್ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ನಿನ್ನೆ ಬೀದಿಯಲ್ಲಿ ನಿಂತು ನೋಡಿದವನೆಂದು ಅಣ್ಣನನ್ನೂ ಬಿಡದೆ ಎಳೆದುಕೊಂಡು ಹೋದಳು. ಅಜ್ಜಿಯ ಎರಡೂ ಕಣ್ಣಿನ ಪರದೆಯ ನಟ್ಟನಡುವೆ ಹೊಸ ಸುಟ್ಟಗಾಯವಿತ್ತು. ಸ್ವಲ್ಪ ಮಾಯಬಹುದು, ಪೂರ್ತಿ ಮಾಯುವುದು ಕಷ್ಟ ಎಂದರು ಡಾಕ್ಟರು. ಬೋಯೆನ್‌ನ ಬಲಗಣ್ಣನ್ನು ಮಾತ್ರ ಅವರು ಬಹಳ ಹೊತ್ತು ನೋಡಿದರು.

"ಇದು ನಿನ್ನೆಯದಲ್ಲ. ಹಳೇ ಕಲೆ. ನಿಮಗೆ ಗೊತ್ತಿತ್ತಲ್ಲವಾ?"

ಬೋಯೆನ್ ಹೌದೆಂದು ತಲೆಯಾಡಿಸಿದ.

ಹೊರಗಿನ ಬೆಂಚಿನಲ್ಲಿ ರುಯಿಫಾಂಗ್ ಕೇಳಿದಳು, "ಎಷ್ಟು ವರ್ಷ ಆಯ್ತು?"

"ನಾಲ್ಕು. ಎಡಗಣ್ಣು ಚೆನ್ನಾಗಿದೆ. ಕೆಲಸ ನಡೀತಿತ್ತು."

"ಗೊತ್ತಿದ್ದೂ ಅದೇ ಹಾಳೆ ಕತ್ತರಿಸಿ ಕನ್ನಡಕ ಮಾಡಿದೆಯಾ?"

"ಹಾಳೆಯಿಂದಲೇ ಆಗಿದ್ದು ಅಂತ ಒಪ್ಪಿಕೊಂಡ್ರೆ..." ಅವನ ಕೈ ಬಲಗಣ್ಣಿಗೆ ಹೋಯಿತು. ಗೋಡೆಯ ಮೇಲಿನ ಆ ಚಿತ್ರಗಳ ಬೆಲೆ ಏನೆಂದು ಆಗ ಅವಳಿಗೆ ಅರ್ಥವಾಯಿತು.

ಅವಳೇ ಪತ್ರಿಕೆಗೆ ಹೋಗಿ, ಅಂಗಡಿಯ ಹೆಸರು ಹಾಕಿ ಎಚ್ಚರಿಕೆಯ ಪ್ರಕಟಣೆ ಕೊಟ್ಟಳು. ಊರೂರಿನಿಂದ ಫೋನ್ ಬಂದವು. ತೈನಾನಿನ ಒಬ್ಬ ಟ್ಯಾಕ್ಸಿ ಚಾಲಕ, ಮದುವೆ ಗೊತ್ತಾಗಿದ್ದ ಒಬ್ಬ ದರ್ಜಿ ಹುಡುಗಿ, ಹೀಗೆ ಕಣ್ಣು ಮಂಜಾದವರು ಒಟ್ಟು ಏಳು ಜನ. ಎಲ್ಲರೂ ಹೇಳಿದ್ದು ಒಂದೇ ಮಾತು: ಯಾರೋ ಒಳ್ಳೆಯವರು, ಚೆನ್ನಾಗಿ ಕಾಣುತ್ತದೆಂದು ಕೈಗೆ ಕೊಟ್ಟರು.